ಹಳೇ ಟಿವಿ ಗೇಮ್ ಡಬ್ಬಿ: ಬಣ್ಣ ಹೋಗಿದೆ, ಪರದೆ ಮೇಲೆ ಎರಡು ಪಟ್ಟಿ ತೇಲುತ್ತವೆ. ಬೋರ್ಡ್ ಉಳಿಸಬಹುದಾ?

ಬಾರ್ಟ್ಯಾಕ್, ಬಳ್ಳಾರಿ

ಎಲ್ಲರಿಗೂ ನಮಸ್ಕಾರ. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಯೂನಿಟ್ ಒಂದರಲ್ಲಿ ಮೆಷಿನ್ ಮೆಕ್ಯಾನಿಕ್ ನಾನು. ಓವರ್‌ಲಾಕ್, ಬಾರ್ಟ್ಯಾಕ್, ಸರ್ವೋ ಮೋಟರಿನ ಕಂಟ್ರೋಲ್ ಬಾಕ್ಸ್, ದಿನಾ ಇದೇ ಕೆಲಸ. ಸೋಲ್ಡರಿಂಗ್ ಕೈಗೆ ಹತ್ತಿದೆ, ಮೀಟರ್ ಹಿಡಿಯಲು ಬರುತ್ತದೆ. ಟಿವಿ ಸಿಗ್ನಲ್ ಅಂದರೆ ಮಾತ್ರ ಏನೂ ಗೊತ್ತಿಲ್ಲ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ಅಪ್ಪ 1997ರಲ್ಲಿ ಬೆಂಗಳೂರು ರಸ್ತೆಯ ಅಂಗಡಿಯಿಂದ ತಂದ ಟಿವಿ ಗೇಮ್ ಇದು. ಕ್ಯಾಸೆಟ್ ಮೇಲಿಂದ ಒತ್ತಿ ಹಾಕುವಂಥದ್ದು, ಎರಡು ರಿಮೋಟ್. ಹೆಸರಿಗೆ ಇಬ್ಬರದು, ನಿಜವಾಗಿ ಅಕ್ಕನದು. ಒಂದನೇ ರಿಮೋಟ್ ನನ್ನ ಕೈಗೆ ಸಿಕ್ಕಿದ್ದು ಅವಳು ಕಾಮಾಲೆಯಾಗಿ ಮಲಗಿದ್ದ ಹದಿನೈದು ದಿನ ಮಾತ್ರ. ಈಗ ಅವಳು ಸಿಂಧನೂರಿನಲ್ಲಿದ್ದಾಳೆ. ದಸರಾ ರಜೆಗೆ ಮಕ್ಕಳ ಜೊತೆ ಬರುತ್ತಾಳೆ. ಅಷ್ಟರೊಳಗೆ ಡಬ್ಬಿ ಓಡಿಸಿ ತೋರಿಸುತ್ತೇನೆ ಎಂದು ಬಾಯಿ ಬಿಟ್ಟಿದ್ದೇನೆ.

ಅಟ್ಟದಿಂದ ಇಳಿಸಿ ಬಿಚ್ಚಿದರೆ ಒಳಗೆ ಬೋರ್ಡೇ ಕಾಣಲಿಲ್ಲ, ಕೆಂಪು ಧೂಳು. ನಮ್ಮ ಮನೆ ಅದಿರು ಲಾರಿಗಳು ಓಡಾಡುತ್ತಿದ್ದ ರಸ್ತೆಗೆ ಹತ್ತಿರ. 2011ರಲ್ಲಿ ಸುಪ್ರೀಂ ಕೋರ್ಟ್ ಗಣಿ ನಿಲ್ಲಿಸಿದ ಮೇಲೆ ರಸ್ತೆಯ ಧೂಳು ಇಳಿಯಿತು, ಡಬ್ಬಿಯೊಳಗಿನದು ಹಾಗೇ ಕೂತಿತ್ತು. ಬ್ರಷ್ ಹಾಕಿ ತೆಗೆದೆ. ಕೆಳಗೆ ಎರಡು ಉದ್ದನೆಯ 40 ಕಾಲಿನ ಐಸಿ ಸಿಕ್ಕವು. ಒಂದರ ಮೇಲೆ ಯುಎ6527ಪಿ, ಇನ್ನೊಂದರ ಮೇಲೆ ಯುಎ6538 ಎಂದಿದೆ. ಒಂದು ಮೂಲೆಯಲ್ಲಿ ತಗಡಿನ ಚಿಕ್ಕ ಪೆಟ್ಟಿಗೆ, ಆಂಟೆನಾ ವೈರ್ ಅಲ್ಲಿಂದಲೇ ಹೊರಡುತ್ತದೆ.

ತೊಂದರೆ ಹೀಗಿದೆ. ಹಳೇ 9 ವೋಲ್ಟ್ ಅಡಾಪ್ಟರ್ ಹಾಕಿ, ಎಲ್‌ಇಡಿ ಟಿವಿಯ ಆಂಟೆನಾ ತೂತಿಗೆ ಕೊಟ್ಟು ಟ್ಯೂನ್ ಮಾಡಿದೆ. ಮಾರಿಯೋ ಬಂದ. ಆದರೆ ಪೂರ್ತಿ ಕಪ್ಪು ಬಿಳುಪು, ಮೇಲೆ ರವೆ ಉದುರಿಸಿದ ಹಾಗೆ ಚುಕ್ಕಿ. ಅಡ್ಡಕ್ಕೆ ಎರಡು ಮಬ್ಬು ಪಟ್ಟಿ, ಒಂದೊಂದೂ ಕೈಯಗಲ, ನಿಧಾನಕ್ಕೆ ಮೇಲೇರುತ್ತವೆ. ಜೊತೆಗೆ ಗುಂಯ್ ಎನ್ನುವ ಸದ್ದು.

ಒಂದು ಅಂಗಡಿಗೆ ಕೊಟ್ಟೆ. ಎರಡು ವಾರ ಇಟ್ಟುಕೊಂಡು, ‘ಚಿಪ್ ಹೋಗಿದೆ, ಬಿಸಾಕಿ’ ಎಂದರು. ಅವರು ಸೆಟ್‌ಟಾಪ್ ಬಾಕ್ಸಿನ 12 ವೋಲ್ಟ್ ಅಡಾಪ್ಟರ್ ಹಾಕಿ ನೋಡಿದರಂತೆ. ಮನೆಗೆ ಬಂದು ನಾನೂ ಹಾಗೇ ಮಾಡಿದೆ. ಅದರಲ್ಲಿ ಪಟ್ಟಿ ಬರಲಿಲ್ಲ, ಗುಂಯ್ ಕೂಡ ಇಲ್ಲ! ಆದರೆ ಹತ್ತು ನಿಮಿಷಕ್ಕೆ ಚಿತ್ರ ಹೋಗುತ್ತದೆ, ಅರ್ಧ ಗಂಟೆ ಬಿಟ್ಟರೆ ಮತ್ತೆ ಬರುತ್ತದೆ. ಒಳಗಿನ 7805 (5 ವೋಲ್ಟ್ ಮಾಡಿಕೊಡುವ ರೆಗ್ಯುಲೇಟರ್) ಮುಟ್ಟಿದರೆ ಬೆರಳು ಸುಡುತ್ತದೆ.

ನಿಜವಾಗಲೂ ಚಿಪ್ ಹೋಗಿದೆಯಾ? ಹೋಗಿದ್ದರೆ ಚಿತ್ರವೇ ಬರಬಾರದು ಅಲ್ವಾ?

ಸೋನಾಮಸೂರಿ, ಗಂಗಾವತಿ

ಅಣ್ಣಾ, ಸುಮ್ನೆ ಯಾಕೆ ತಲೆ ಕೆಡಿಸಿಕೊಳ್ಳುತ್ತೀರಿ. ಮೊಬೈಲಿನಲ್ಲಿ ಎಮ್ಯುಲೇಟರ್ (ಹಳೇ ಗೇಮ್ ಓಡಿಸುವ ಆಪ್) ಹಾಕಿ, ಬ್ಲೂಟೂತ್ ರಿಮೋಟ್ ತಗೊಳ್ಳಿ, ಟಿವಿಗೆ ಕಾಸ್ಟ್ ಮಾಡಿ. ಅದೇ ಮಾರಿಯೋ, ಚಿತ್ರ ಕನ್ನಡಿ ಥರ. ನಾನು ಹಾಗೇ ಮಾಡಿದ್ದೇನೆ.

ಬಾರ್ಟ್ಯಾಕ್, ಬಳ್ಳಾರಿ

ಮಾಡಿ ನೋಡಿದ್ದೇನೆ ಬ್ರೋ. ಹೋದ ಯುಗಾದಿಗೆ ಅಕ್ಕನ ಕೈಗೆ ಕೊಟ್ಟೆ. ಕಣ್ಣು ಮುಚ್ಚಿ ದಾಟುತ್ತಿದ್ದ ಗುಂಡಿಗೆ ಮೂರು ಸಲ ಬಿದ್ದಳು. ‘ಇದು ನಮ್ಮ ಮಾರಿಯೋ ಅಲ್ಲೋ, ಇವನು ಓಡ್ತಾನೆ’ ಎಂದು ಮೊಬೈಲ್ ವಾಪಸ್ ಕೊಟ್ಟಳು. ವಯಸ್ಸಾಯಿತು ಎಂದು ನಗಾಡಿದೆ. ಅವಳು ನಗಲಿಲ್ಲ.

ರೇಡಿಯೋ ಕಾಕಾ, ರಾಯಚೂರು

ತಮ್ಮಾ, ಚಿಪ್ ಹೋಗಿಲ್ಲ. ಉತ್ತರ ನಿನ್ನ ಪ್ರಶ್ನೆಯಲ್ಲೇ ಇದೆ, ನೀನೇ ಎರಡು ಸಲ ಬರೆದಿದ್ದೀಯ. ಆ ಅಂಗಡಿಯವರು ಅದನ್ನು ಕೇಳಿಸಿಕೊಂಡಿಲ್ಲ, ಅಷ್ಟೇ.

ನಾನು 1984ರಿಂದ ತೀನ್ ಕಂದೀಲ್ ಹತ್ತಿರ ರೇಡಿಯೋ, ಟಿವಿ ರಿಪೇರಿ ಮಾಡಿದವನು. 1982ರಲ್ಲಿ ದೂರದರ್ಶನಕ್ಕೆ ಬಣ್ಣ ಬಂದು ಇನ್ನೂ ಎರಡು ವರ್ಷ, ಊರಲ್ಲಿ ಕಲರ್ ಟಿವಿ ಇದ್ದ ಮನೆಗಳನ್ನು ಬೆರಳಲ್ಲಿ ಎಣಿಸಬಹುದಿತ್ತು. ಆಗ ನಮ್ಮ ಉಸ್ತಾದರು ಕಲಿಸಿದ ಮೊದಲ ಪಾಠ: ಪಟ್ಟಿ ಎಣಿಸು. ಡಬ್ಬಿ ಬಿಚ್ಚುವ ಮೊದಲು ಪರದೆ ನೋಡಿ ಪಟ್ಟಿ ಎಣಿಸು.

ನಮ್ಮ ಕರೆಂಟು 50 ಸೈಕಲ್. ನಮ್ಮ ಟಿವಿ ಚಿತ್ರವೂ ಸೆಕೆಂಡಿಗೆ 50 ಸಲ ಮೇಲಿಂದ ಕೆಳಗೆ ಬರೆಯುತ್ತದೆ. ಅಡಾಪ್ಟರಿನ ನಾಲ್ಕು ಡಯೋಡ್ ಸರಿಯಾಗಿದ್ದರೆ ಡಿಸಿಯ ಮೇಲೆ 100 ಸೈಕಲ್ಲಿನ ಏರಿಳಿತ ಉಳಿಯುತ್ತದೆ. ಒಂದು ಚಿತ್ರಕ್ಕೆ ಎರಡು ಏರಿಳಿತ, ಹಾಗಾಗಿ ಎರಡು ಪಟ್ಟಿ. ಒಂದೇ ಪಟ್ಟಿ ಇದ್ದಿದ್ದರೆ ಡಯೋಡ್ ಹೋಗಿದೆ ಎನ್ನುತ್ತಿದ್ದೆ. ನಿನ್ನದು ಎರಡು, ಅಂದರೆ ಡಯೋಡ್ ಗಟ್ಟಿ, ಕಂಡೆನ್ಸರ್ (ಕೆಪಾಸಿಟರ್) ಒಣಗಿದೆ. ಡಬ್ಬಿಯ 50ಕ್ಕೂ ಕರೆಂಟಿನ 50ಕ್ಕೂ ಕೂದಲೆಳೆಯಷ್ಟು ವ್ಯತ್ಯಾಸ. ಅದಕ್ಕೇ ಪಟ್ಟಿ ಒಂದೇ ಕಡೆ ನಿಲ್ಲದೆ ತೇಲುತ್ತದೆ.

ಕಂಡೆನ್ಸರ್ ಅಂದರೆ ಸಂಪು ಇದ್ದ ಹಾಗೆ. ನಮ್ಮ ಊರಲ್ಲಿ ನಳದ ನೀರು ಯಾವಾಗ ಬರುತ್ತದೆ ಎಂದು ನಿನಗೆ ಗೊತ್ತಿದೆ. ಸಂಪು ದೊಡ್ಡದಿದ್ದರೆ ಮನೆಯವರಿಗೆ ಗೊತ್ತೇ ಆಗುವುದಿಲ್ಲ. ಸಂಪು ಸೋರಿದರೆ ನೀರು ಬಿಟ್ಟಾಗ ಭರ್ತಿ, ಇಲ್ಲದಾಗ ಕೊಡ ಬೋರಲು. 7805 ಸರಿಯಾಗಿ 5 ವೋಲ್ಟ್ ಕೊಡಬೇಕಾದರೆ ಅದರ ಬಾಯಿಗೆ 7 ವೋಲ್ಟಾದರೂ ಸದಾ ಇರಬೇಕು. ಮಧ್ಯೆ ಮಧ್ಯೆ 7ಕ್ಕಿಂತ ಕೆಳಗೆ ಬಿದ್ದಾಗೆಲ್ಲ ಆ ತಗ್ಗು ಚಿತ್ರದಲ್ಲಿ ಪಟ್ಟಿಯಾಗಿ ಕಾಣುತ್ತದೆ, ಸ್ಪೀಕರಿನಲ್ಲಿ ಗುಂಯ್ ಎನ್ನುತ್ತದೆ.

ಸೆಟ್‌ಟಾಪ್ ಬಾಕ್ಸಿನ ಅಡಾಪ್ಟರ್ ಹಾಕಿದಾಗ ಪಟ್ಟಿ ಹೋಯಿತಲ್ಲ? ಅದು ಹೊಸ ಥರದ್ದು, ಸ್ವಿಚಿಂಗ್ ಸಪ್ಲೈ, ಡಿಸಿ ನೀಟಾಗಿ ಬರುತ್ತದೆ. ಅಂದಮೇಲೆ ತಪ್ಪು ಡಬ್ಬಿಯದಲ್ಲ, ಹಳೇ ಅಡಾಪ್ಟರಿನದು. ಸಾಬೀತಾಯಿತು. ಆದರೆ 12 ವೋಲ್ಟ್ ಈ ಡಬ್ಬಿಗೆ ಜಾಸ್ತಿ. 0.4 ಆಂಪಿಯರ್ ಎಳೆಯುತ್ತದೆ ಎಂದಿಟ್ಟುಕೋ. 9 ಕೊಟ್ಟರೆ 7805 ಸುಡಬೇಕಾದದ್ದು 4 ವೋಲ್ಟ್, ಅಂದರೆ 1.6 ವಾಟ್. 12 ಕೊಟ್ಟರೆ 7 ವೋಲ್ಟ್, 2.8 ವಾಟ್. ಅದೂ ಬಳ್ಳಾರಿ ಬಿಸಿಲಲ್ಲಿ! ಬಿಸಿ ಮಿತಿ ಮೀರಿದರೆ 7805 ತಾನೇ ಬಾಯಿ ಮುಚ್ಚಿಕೊಳ್ಳುತ್ತದೆ, ಆರಿದ ಮೇಲೆ ಎದ್ದು ಕೂರುತ್ತದೆ. ನಿನ್ನ ಹತ್ತು ನಿಮಿಷದ ಕತೆ ಇದೇ.

ಇನ್ನೊಂದು ಮಾತು. ಅಡಾಪ್ಟರ್ ಬದಲಿಸುವಾಗ ಪಿನ್ನಿನ ಒಳಗಡೆ ಪ್ಲಸ್ಸೋ ಮೈನಸ್ಸೋ ಮೀಟರ್ ಹಿಡಿದು ನೋಡು. ಹಳೇ ಜಪಾನಿ ಡಬ್ಬಿಗಳಲ್ಲಿ ಒಳಗಡೆ ಮೈನಸ್. ಈಗಿನ ಅಡಾಪ್ಟರ್‌ಗಳಲ್ಲಿ ಹೆಚ್ಚಾಗಿ ಒಳಗಡೆ ಪ್ಲಸ್. ನಕಲಿ ಡಬ್ಬಿಗಳಲ್ಲಿ ಎರಡೂ ಥರ ನೋಡಿದ್ದೇನೆ. ನಿನ್ನದು ಓಡಿತು, ಅದು ನಿನ್ನ ಪುಣ್ಯ. ಆ ಅಂಗಡಿಯವರಂತೂ ನೋಡಿರಲಿಕ್ಕಿಲ್ಲ.

ಅಡಾಪ್ಟರ್ ಬಿಚ್ಚು. ಒಳಗೆ 1000 ಮೈಕ್ರೋಫ್ಯಾರಡ್, 16 ವೋಲ್ಟಿನ ಕಂಡೆನ್ಸರ್ ಇರುತ್ತದೆ. 2200 ಮೈಕ್ರೋ, 25 ವೋಲ್ಟ್ ಹಾಕು. ಪ್ಲಗ್ ಕಿತ್ತು ಆಮೇಲೆ ಕೈ ಹಾಕು, ಇದನ್ನು ಮೆಕ್ಯಾನಿಕ್‌ಗೆ ಹೇಳಬೇಕಿಲ್ಲ, ಆದರೂ ಹೇಳುತ್ತೇನೆ. ಬಣ್ಣದ ವಿಷಯ ಆಮೇಲೆ. ಒಂದು ಸಲಕ್ಕೆ ಒಂದೇ ರೋಗ.

ಬಾರ್ಟ್ಯಾಕ್, ಬಳ್ಳಾರಿ

ಕಾಕಾ, ನಿಮ್ಮ ಕಾಲಿಗೆ ನಮಸ್ಕಾರ. ಪಟ್ಟಿ ಹೋಯಿತು!

ಅಡಾಪ್ಟರಿಗೆ ಸ್ಕ್ರೂ ಇಲ್ಲ, ಅಂಟು. ಬೆಂಚ್ ವೈಸಿಗೆ ಹಿಡಿದು ಜೋಡಣೆಯ ಗೆರೆ ಮೇಲೆ ಸುತ್ತಿಗೆಯಿಂದ ಮೆಲ್ಲಗೆ ಬಡಿಯುತ್ತಾ ಹೋದೆ. ಹಲಸಿನ ಬೀಜ ಸಿಪ್ಪೆ ಬಿಟ್ಟ ಹಾಗೆ ಎರಡು ಹೋಳಾಯಿತು. ಒಳಗೆ ನೀವು ಹೇಳಿದ ಹಾಗೇ 1000 ಮೈಕ್ರೋ, 16 ವೋಲ್ಟ್. ನೋಡಲು ಚೆನ್ನಾಗೇ ಇತ್ತು, ಊದಿರಲಿಲ್ಲ, ಸೋರಿರಲಿಲ್ಲ. ಕೈಯಲ್ಲಿ ಹಿಡಿದರೆ ಮಾತ್ರ ಹಗುರ. ನೋಡಿ ನಂಬಬಾರದು ಎಂದು ಗೊತ್ತಾಯಿತು.

ಲೆಕ್ಕ ಇಲ್ಲಿದೆ. ಹಳೇ ಕೆಪಾಸಿಟರ್ ಇದ್ದಾಗ ಡಬ್ಬಿ ಆನ್ ಮಾಡಿದರೆ ಮೀಟರಿನಲ್ಲಿ 7.6 ವೋಲ್ಟ್. ಹೊಸದು ಹಾಕಿದ ಮೇಲೆ 9.4. ಡಬ್ಬಿಗೆ ಕೊಡದೆ ಬರೀ ಅಡಾಪ್ಟರ್ ಅಳೆದರೆ 13.1 ತೋರಿಸುತ್ತದೆ. 9 ಎಂದು ಬರೆದು 13 ಕೊಡುವುದು ಸರೀನಾ?

ಗುಂಯ್ ಸದ್ದೂ ಇಲ್ಲ. 7805 ಬಿಚ್ಚಿ, ಹಿಂದಿನ ಒಣಗಿದ ಬಿಳಿ ಪೇಸ್ಟ್ ಕೆರೆದು ಹೊಸದು ಹಚ್ಚಿದೆ. ಈಗ ಎರಡು ಗಂಟೆ ಓಡಿದರೂ ಬೆರಳು ಇಡಬಹುದು. ಕಪ್ಪು ಬಿಳುಪು ಮತ್ತು ರವೆ ಮಾತ್ರ ಹಾಗೇ ಇದೆ.

ರೇಡಿಯೋ ಕಾಕಾ, ರಾಯಚೂರು

13 ಸರಿಯೇ. ಟ್ರಾನ್ಸ್‌ಫಾರ್ಮರ್ ಅಡಾಪ್ಟರಿಗೆ ಭಾರ ಕೊಟ್ಟಾಗ ಮಾತ್ರ 9. ಬರೀ ಹೊಟ್ಟೆಯಲ್ಲಿ ಎಲ್ಲರೂ ಜೋರಾಗಿಯೇ ಕೂಗುತ್ತಾರೆ.

ಸಪ್ಲೈಯ ಏರಿಳಿತ ನೋಡಬೇಕೆಂದು ಯಾರಾದರೂ ಹಳದಿ ಬಣ್ಣದ ಅಗ್ಗದ ಮೀಟರನ್ನು ಎಸಿ ರೇಂಜಿಗೆ ಇಟ್ಟು ಅಳೆಯಬೇಡಿ. ಅದು ಡಿಸಿಯನ್ನೂ ಸೇರಿಸಿ ಸುಳ್ಳು ಲೆಕ್ಕ ತೋರಿಸುತ್ತದೆ. ಒಂದು ತಂತಿಗೆ ಸಣ್ಣ ಕಂಡೆನ್ಸರ್ ಸೇರಿಸಿಕೊಂಡು ಅಳೆಯಬೇಕು. ತಮ್ಮ ಅಳೆಯಲಿಲ್ಲ, ಒಳ್ಳೆಯದಾಯಿತು.

60 ಪಿನ್, ಕೊಪ್ಪಳ

ಇಷ್ಟು ಹೊತ್ತು ಓದುತ್ತಿದ್ದೆ, ಈಗ ನನ್ನ ಸರದಿ. ಡಿಪ್ಲೊಮಾ ಮಕ್ಕಳ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ, ಈ ಡಬ್ಬಿಗಳು ನನ್ನ ಹುಚ್ಚು. ಮನೆಯಲ್ಲಿ ಹನ್ನೊಂದು ಇವೆ, ಗವಿಮಠದ ಜಾತ್ರೆಯಲ್ಲಿ ಹಳೇ ಸಾಮಾನಿನವರ ಹತ್ತಿರ ಕೊಂಡಿದ್ದೇ ನಾಲ್ಕು.

ಮೊದಲು ಅಣ್ಣಾ, ನಿಮ್ಮ ಅಕ್ಕನ ಪರವಾಗಿ ಒಂದು ಮಾತು. ಅವರಿಗೆ ವಯಸ್ಸಾಗಿಲ್ಲ. ಅವರು ಹೇಳಿದ್ದು ನೂರಕ್ಕೆ ನೂರು ಸರಿ.

ಮೂಲ ಡಬ್ಬಿ 1983ರಲ್ಲಿ ಜಪಾನಿನಲ್ಲಿ ಬಂದದ್ದು, ನಿಂಟೆಂಡೊ ಕಂಪನಿಯ ಫ್ಯಾಮಿಕಾಮ್. ಅದರ ಕ್ಯಾಸೆಟ್ಟಿಗೆ 60 ಪಿನ್. 1985ರಲ್ಲಿ ಅಮೆರಿಕಕ್ಕೆ ಹೋದಾಗ 72 ಪಿನ್ ಆಯಿತು. ನಮ್ಮಲ್ಲಿಗೆ ಬಂದದ್ದು 60 ಪಿನ್ನಿನ ನಕಲು. ಜಪಾನ್, ಅಮೆರಿಕದ ಟಿವಿ ಸೆಕೆಂಡಿಗೆ 60 ಚಿತ್ರ, ನಮ್ಮದು 50. ಯುಎ6538 ಎನ್ನುವ ನಿಮ್ಮ ಚಿತ್ರದ ಚಿಪ್ಪು 50ರದ್ದು. ಮಾರಿಯೋ ಪ್ರತಿ ಚಿತ್ರಕ್ಕೂ ಇಷ್ಟು ಹೆಜ್ಜೆ ಎಂದು ನಡೆಯುವವನು. 60ಕ್ಕೆಂದು ಬರೆದ ಆಟವನ್ನು 50ರಲ್ಲಿ ಓಡಿಸಿದರೆ ಆರರಲ್ಲಿ ಒಂದು ಪಾಲು ನಿಧಾನ. ಹಾಡಿನ ನಡೆಯೂ ಅಷ್ಟೇ ನಿಧಾನ. ಎಮ್ಯುಲೇಟರ್ ಸಾಮಾನ್ಯವಾಗಿ 60ರಲ್ಲಿ ಓಡುತ್ತದೆ. ನಿಮ್ಮ ಅಕ್ಕನ ಬೆರಳು 50ಕ್ಕೆ ಪಳಗಿದೆ. ಗುಂಡಿಯ ಅಂಚು ಅವರಿಗಿಂತ ಮೊದಲೇ ಬಂದುಬಿಡುತ್ತದೆ, ಬೀಳದೆ ಏನು ಮಾಡಬೇಕು?

ಇದರಲ್ಲಿ ಒಂದು ಸೊಗಸಿದೆ. ಈ ನಕಲು ಮಾಡಿದವರು ಜಾಣರು. ಸದ್ದು ಹುಟ್ಟಿಸುವ ಯುಎ6527ಪಿಯನ್ನು 1.77 ಮೆಗಾಹರ್ಟ್ಸ್‌ನಲ್ಲಿ ಓಡಿಸಿದ್ದಾರೆ, ಜಪಾನಿನದು 1.79. ಹಾಗಾಗಿ ಹಾಡಿನ ಶ್ರುತಿ ಹೆಚ್ಚುಕಡಿಮೆ ಮೂಲದ್ದೇ, ತಾಳ ಮಾತ್ರ ಇಳಿದಿದೆ. ನಾವು ಕೇಳಿ ಬೆಳೆದದ್ದು ವಿಲಂಬಿತದ ಮಾರಿಯೋ.

ಈಗ ಕೆಲಸಕ್ಕೆ ಬರೋಣ. ರವೆ ಹೋಗಬೇಕಾದರೆ ಆ ತಗಡಿನ ಪೆಟ್ಟಿಗೆಯನ್ನು ಬಿಡಬೇಕು. ಅದು ಆರ್‌ಎಫ್ ಮಾಡ್ಯುಲೇಟರ್, ಚಿತ್ರವನ್ನು ಚಾನೆಲ್ಲಾಗಿ ಮಾಡಿ ಆಂಟೆನಾ ವೈರಿಗೆ ಹಾಕುತ್ತದೆ, ಟಿವಿ ಅದನ್ನು ಮತ್ತೆ ಬಿಡಿಸುತ್ತದೆ. ಅಷ್ಟರಲ್ಲಿ ಅರ್ಧ ಜೀವ ಹೋಗಿರುತ್ತದೆ. ಸಿಗ್ನಲ್ ದುರ್ಬಲ ಇದ್ದರೆ ಟಿವಿ ತಾನಾಗಿಯೇ ಬಣ್ಣ ಆರಿಸಿಬಿಡುತ್ತದೆ. ಆದ್ದರಿಂದ ಮೊದಲು ಎವಿ (ಚಿತ್ರ, ಸದ್ದು ಬೇರೆ ಬೇರೆ ವೈರಿನಲ್ಲಿ ನೇರವಾಗಿ ಟಿವಿಗೆ) ತೆಗೆಯಿರಿ, ಬಣ್ಣ ಆಮೇಲೆ ನೋಡೋಣ.

ಯುಎ6538ರ ಗುರುತಿನ ಕಚ್ಚು ಮೇಲಿರುವ ಹಾಗೆ ಹಿಡಿಯಿರಿ. ಎಡಗಡೆ ತಳದ ಕಾಲು 20, ಅದು ಗ್ರೌಂಡ್. ಅದರ ಎದುರಿಗೇ ಬಲಗಡೆ ತಳದಲ್ಲಿ 21, ಚಿತ್ರ ಹೊರಬರುವುದು ಅಲ್ಲಿ. ಅಲ್ಲಿಂದ ನೇರವಾಗಿ ಟಿವಿಗೆ ಕೊಡಬೇಡಿ, ಟಿವಿಯ 75 ಓಮ್ ಭಾರ ಅದಕ್ಕೆ ಹೊರಲಾಗದು. ಮಧ್ಯೆ ಒಂದು ಪಿಎನ್‌ಪಿ ಟ್ರಾನ್ಸಿಸ್ಟರ್ ಬೇಕು, ಬಿಸಿ557 ಸಾಕು. ಬೇಸ್ 21ನೇ ಕಾಲಿಗೆ, ಕಲೆಕ್ಟರ್ ಗ್ರೌಂಡಿಗೆ, ಎಮಿಟರಿನಿಂದ 330 ಓಮ್ ರೆಸಿಸ್ಟರ್ 5 ವೋಲ್ಟಿಗೆ. ಅದೇ ಎಮಿಟರಿನಿಂದ 75 ಓಮ್, ಆಮೇಲೆ 220 ಮೈಕ್ರೋ ಕೆಪಾಸಿಟರ್, ಅದರ ಪ್ಲಸ್ ಎಮಿಟರಿನ ಕಡೆಗೆ. ಆ ಕಡೆಯಿಂದ ಹಳದಿ ಪಿನ್. ಸದ್ದು ಬೋರ್ಡಿನಲ್ಲೇ ಬೆರೆತು ತಗಡಿನ ಪೆಟ್ಟಿಗೆಗೆ ಹೋಗುತ್ತದೆ, ಪೆಟ್ಟಿಗೆಯ ಆ ಕಾಲಿನಿಂದ 1 ಮೈಕ್ರೋ ಮೂಲಕ ಬಿಳಿ ಪಿನ್ನಿಗೆ ತನ್ನಿ. ಹೊಸ ಟಿವಿಗಳಲ್ಲಿ ಮೂರು ಪಿನ್ನಿನ ತೂತು ಇರದಿದ್ದರೆ ಒಂದೇ ತೂತಿಗೆ ಹಾಕುವ ವೈರ್ ಸಿಗುತ್ತದೆ.

ನಿಮ್ಮದು ದೊಡ್ಡ ಐಸಿಗಳ ಬೋರ್ಡ್, ಅದೃಷ್ಟವಂತರು. ಆಮೇಲಿನವುಗಳಲ್ಲಿ ಎಲ್ಲವೂ ಒಂದು ಕಪ್ಪು ಡಾಂಬರಿನ ಬೊಟ್ಟಿನೊಳಗೆ. ಅದು ಕೆಟ್ಟರೆ ಮುಗಿಯಿತು.

ಚಿತ್ರದ ಮೇಲೆ ಉದ್ದುದ್ದ ಗೆರೆ ಕಂಡರೆ 21ನೇ ಕಾಲನ್ನು ಬೋರ್ಡಿನಿಂದ ಎತ್ತಿ, ವೈರನ್ನು ಗಾಳಿಯಲ್ಲೇ ತನ್ನಿ. ಪಕ್ಕದ ಸಿಗ್ನಲ್‌ಗಳ ಗಲಾಟೆ ಅದರಲ್ಲಿ ಬೆರೆಯುವುದಿಲ್ಲ.

ರೇಡಿಯೋ ಕಾಕಾ, ರಾಯಚೂರು

ಮೇಡಂ ಹೇಳಿದ್ದೆಲ್ಲ ಸರಿ. ಕೊನೆಯದೊಂದನ್ನು ಒಪ್ಪುವುದಿಲ್ಲ. ಇಷ್ಟು ಹಳೇ ಐಸಿಯ ಕಾಲು ಎತ್ತಿದರೆ ಬುಡದಲ್ಲೇ ಮುರಿಯುತ್ತದೆ. ಆ ಐಸಿ ಎಲ್ಲಿಂದ ತರುವುದು? ಗೆರೆ ಇದ್ದರೆ ಇರಲಿ. ಡಬ್ಬಿಗೆ ಹೊಸ ತೂತನ್ನೂ ಕೊರೆಯಬೇಡ ತಮ್ಮಾ. ಹಳೇ ಆಂಟೆನಾ ವೈರ್ ಹೊರಡುವ ಜಾಗದಿಂದಲೇ ಹೊಸ ವೈರ್ ತೆಗೆ.

60 ಪಿನ್, ಕೊಪ್ಪಳ

ಕಾಕಾ, ನಾನು ಏಳು ಎತ್ತಿದ್ದೇನೆ, ಒಂದು ಮುರಿದಿದೆ. ಆ ಒಂದು ಇನ್ನೂ ಹೊಟ್ಟೆ ಉರಿಸುತ್ತದೆ, ಹಾಗಾಗಿ ನಿಮ್ಮ ಮಾತಿಗೆ ಎದುರಾಡುವುದಿಲ್ಲ. ಗೆರೆ ಕಂಡರೆ ಮಾತ್ರ ಯೋಚಿಸಿ ಅಣ್ಣಾ.

ಸೋನಾಮಸೂರಿ, ಗಂಗಾವತಿ

50, 60ರ ವಿಷಯ ನಿಜ. ನಿನ್ನೆ ಎಮ್ಯುಲೇಟರಿನ ಸೆಟ್ಟಿಂಗಿನಲ್ಲಿ ಹುಡುಕಿದೆ, ಅಲ್ಲೂ 50ರ ಆಯ್ಕೆ ಇದೆ. ಹಾಕಿದ ತಕ್ಷಣ ಹಾಡು ಕೇಳಿ ಮೈ ಜುಮ್ಮೆಂದಿತು. ಇಷ್ಟು ವರ್ಷ ಯಾಕೆ ಏನೋ ಸರಿಯಿಲ್ಲ ಎನ್ನಿಸುತ್ತಿತ್ತು ಎಂದು ಈಗ ತಿಳಿಯಿತು.

ನಮ್ಮ ಮನೆಯಲ್ಲಿ ಬಂದೂಕು ಇದೆ, ಬಾತುಕೋಳಿ ಹೊಡೆಯುವ ಆಟದ್ದು. ಎಲ್‌ಇಡಿ ಟಿವಿಗೆ ಹಿಡಿದರೆ ಒಂದೂ ಬೀಳುವುದಿಲ್ಲ. ಅದಕ್ಕೇನಾದರೂ ದಾರಿ ಇದೆಯಾ?

ರೇಡಿಯೋ ಕಾಕಾ, ರಾಯಚೂರು

ಇಲ್ಲ. ಬಂದೂಕು ಗುಂಡು ಹಾರಿಸುವುದಿಲ್ಲ, ಬೆಳಕು ನೋಡುತ್ತದೆ. ಕುದುರೆ ಒತ್ತಿದ ಕೂಡಲೇ ಪರದೆ ಒಂದು ಕ್ಷಣ ಕಪ್ಪಾಗಿ, ಕೋಳಿಯ ಜಾಗದಲ್ಲಿ ಬಿಳಿ ಚೌಕ ಬರುತ್ತದೆ. ಆ ಗಳಿಗೆಯಲ್ಲೇ ಬಂದೂಕಿಗೆ ಬೆಳಕು ಕಂಡರೆ ಲೆಕ್ಕ. ಎಲ್‌ಇಡಿ ಟಿವಿ ಚಿತ್ರವನ್ನು ಹಿಡಿದು, ತಿದ್ದಿ, ತಡಮಾಡಿ ತೋರಿಸುತ್ತದೆ. ಹಳೇ ಪಿಕ್ಚರ್ ಟ್ಯೂಬ್ ಟಿವಿ ಹುಡುಕು. ಗುಜರಿಯವರ ಹತ್ತಿರ ಇನ್ನೂ ಸಿಗುತ್ತವೆ.

ಬಾರ್ಟ್ಯಾಕ್, ಬಳ್ಳಾರಿ

ಭಾನುವಾರ ಪೂರ್ತಿ ಇದಕ್ಕೇ ಹೋಯಿತು. ಹೆಂಡತಿ ಎರಡು ಸಲ ಊಟಕ್ಕೆ ಕರೆದು ಮೂರನೇ ಸಲ ಕರೆಯಲಿಲ್ಲ.

ಅಂಗಡಿಯಲ್ಲಿ ಬಿಸಿ557 ಕೇಳಿದೆ. ಇಲ್ಲ, ಇದೂ ಅದೇ ಎಂದು 2ಎನ್3906 ಕೊಟ್ಟರು. ಮೇಡಂ ಹೇಳಿದ ಹಾಗೆ ಪುಟ್ಟ ಚುಕ್ಕಿ ಬೋರ್ಡಿನ ಮೇಲೆ ಕಟ್ಟಿದೆ. ಆನ್ ಮಾಡಿದರೆ ಬರೀ ಬೂದು ಬಣ್ಣದ ಪರದೆ. ಮೂರು ಸಲ ಸೋಲ್ಡರ್ ಮತ್ತೆ ಮಾಡಿದೆ, ಡ್ರೈ ಸೋಲ್ಡರ್ ಇರಬಹುದೆಂದು. ಆಮೇಲೆ ಹೊಳೆಯಿತು. ಚಪ್ಪಟೆ ಮುಖ ನಮ್ಮ ಕಡೆ ಇಟ್ಟರೆ ಬಿಸಿ557ಕ್ಕೆ ಎಡದಿಂದ ಕಲೆಕ್ಟರ್, ಬೇಸ್, ಎಮಿಟರ್. 2ಎನ್3906ಕ್ಕೆ ಎಮಿಟರ್, ಬೇಸ್, ಕಲೆಕ್ಟರ್. ಪೂರ್ತಿ ಉಲ್ಟಾ! ತಿರುಗಿಸಿ ಹಾಕಿದೆ, ಚಿತ್ರ ಬಂತು. ಇದೇ ತಪ್ಪು ನಮ್ಮ ಯೂನಿಟ್ಟಿನ ಹುಡುಗ ಮಾಡಿದ್ದರೆ ಬೈಯುತ್ತಿದ್ದೆ.

ಏನು ಚಿತ್ರ ಮೇಡಂ! ಇಟ್ಟಿಗೆಯ ಗೆರೆ ಒಂದೊಂದೂ ಎಣಿಸಬಹುದು. ರವೆ ಒಂದು ಕಾಳೂ ಇಲ್ಲ. ಉದ್ದ ಗೆರೆ ತುಂಬಾ ಹತ್ತಿರ ಹೋಗಿ ನೋಡಿದರೆ ತೆಳ್ಳಗೆ ಕಾಣುತ್ತವೆ. ಕಾಕಾ ಹೇಳಿದ ಹಾಗೆ ಇರಲಿ ಬಿಟ್ಟೆ. ವೈರ್ ಹಳೇ ತೂತಿನಿಂದಲೇ ಬಂದಿದೆ.

ಆದರೆ ಇನ್ನೂ ಕಪ್ಪು ಬಿಳುಪು. ಟಿವಿಯ ಮೆನುವಿನಲ್ಲಿ ಪಾಲ್ (ನಮ್ಮ ದೇಶದ ಕಲರ್ ಟಿವಿ ಪದ್ಧತಿ) ಎಂದೇ ಇಟ್ಟಿದ್ದೇನೆ.

60 ಪಿನ್, ಕೊಪ್ಪಳ

ಈಗ ಬಣ್ಣಕ್ಕೆ ಬರೋಣ. ಯುಎ6538ರ ಪಕ್ಕದಲ್ಲಿ ತಗಡಿನ ಹರಳು (ಕ್ರಿಸ್ಟಲ್, ಚಿಪ್ಪಿಗೆ ತಾಳ ಕೊಡುವುದು) ಇರುತ್ತದೆ, ಮೇಲೆ 26.601712 ಎಂದಿರಬೇಕು. ಅದನ್ನು 6ರಿಂದ ಭಾಗಿಸಿ: 4.4336 ಮೆಗಾಹರ್ಟ್ಸ್. ಪಾಲ್ ಟಿವಿ ಬಣ್ಣವನ್ನು ಹುಡುಕುವುದು ಅಲ್ಲೇ. ಸ್ವಲ್ಪ ಆಚೀಚೆಯಾದರೂ ಬಣ್ಣ ಬಿಟ್ಟು ಕಪ್ಪು ಬಿಳುಪು ತೋರಿಸುತ್ತದೆ. 21.477 ಎಂದಿದ್ದರೆ ಅದು ಅಮೆರಿಕದ ಲೆಕ್ಕ, ಆಗ ಕತೆ ಬೇರೆ.

ಹರಳಿನ ಪಕ್ಕ ಸಣ್ಣ ದುಂಡನೆಯ ಟ್ರಿಮ್ಮರ್ (ಹರಳಿನ ಅಳತೆ ತಿದ್ದುವ ಪುಟ್ಟ ಕೆಪಾಸಿಟರ್) ಇದೆಯಾ ನೋಡಿ, ಮೇಲೆ ಸ್ಕ್ರೂ ಥರ ಸೀಳು. ಅದರಲ್ಲಿ ಧೂಳು ಕೂತರೂ, ವಯಸ್ಸಾದರೂ ಅಳತೆ ಜಾರುತ್ತದೆ. ಮೊದಲು ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ಹಾಕಿ ಸಣ್ಣ ಬ್ರಷ್ಷಿನಿಂದ ತೊಳೆಯಿರಿ. ನಾನು ಕಿನ್ನಾಳದವಳು, ನಮ್ಮ ಮನೆಯಲ್ಲಿ ಗೊಂಬೆಯ ಕಣ್ಣು ಬರೆಯುವ ಕುಂಚ ಇರುತ್ತಿತ್ತು, ಮೂರು ಕೂದಲಿನದು. ಅದಕ್ಕಿಂತ ಒಳ್ಳೆಯ ಬ್ರಷ್ ನಾನು ಕಂಡಿಲ್ಲ. ಆಮೇಲೆ ಮರದ ಅಥವಾ ಪ್ಲಾಸ್ಟಿಕ್ ಕಡ್ಡಿಯಿಂದ ತಿರುಗಿಸಿ. ಕಬ್ಬಿಣದ ಸ್ಕ್ರೂಡ್ರೈವರ್ ತಗುಲಿಸಿದರೆ ಅದರಿಂದಲೇ ಅಳತೆ ಬದಲಾಗುತ್ತದೆ, ಕೈ ತೆಗೆದ ಕೂಡಲೇ ಬಣ್ಣ ಹೋಗುತ್ತದೆ.

ರೇಡಿಯೋ ಕಾಕಾ, ರಾಯಚೂರು

ತಿರುಗಿಸುವ ಮೊದಲು ಈಗಿರುವ ಜಾಗಕ್ಕೆ ಪೆನ್ನಿನಿಂದ ಗುರುತು ಹಾಕು. ಗಡಿಯಾರದ ಮುಳ್ಳು ಐದು ನಿಮಿಷ ಸರಿದಷ್ಟು ತಿರುಗಿಸು, ನಿಲ್ಲು, ನೋಡು. ಅವಸರ ಮಾಡಬೇಡ. ಟಿವಿಗೆ ಹಿಡಿಯಲು ಒಂದು ಕ್ಷಣ ಬೇಕು.

ಬಾರ್ಟ್ಯಾಕ್, ಬಳ್ಳಾರಿ

ಹರಳಿನ ಮೇಲೆ 26.601 ಎಂದೇ ಇದೆ. ಟ್ರಿಮ್ಮರಿನ ಸೀಳು ಕಾಣದ ಹಾಗೆ ಕೆಂಪು ಮಣ್ಣು ಗಟ್ಟಿಯಾಗಿ ಕೂತಿತ್ತು, ನಾನೇ ಅವತ್ತು ಬ್ರಷ್ ಹೊಡೆದಾಗ ಬಿಟ್ಟಿದ್ದು. ಮೊಬೈಲ್ ರಿಪೇರಿ ಅಂಗಡಿಯಿಂದ ಐಪಿಎ ತಂದು ತೊಳೆದೆ. ಬಾಣಲೆಗೆ ಬಿದ್ದ ನೀರಿನಂತೆ ಆರಿಹೋಯಿತು, ಮೂರು ಸಲ ಹಾಕಬೇಕಾಯಿತು.

ಐಸ್‌ಕ್ಯಾಂಡಿ ಕಡ್ಡಿಯ ತುದಿಯನ್ನು ಬ್ಲೇಡಿನಿಂದ ಕೆತ್ತಿ ಸ್ಕ್ರೂಡ್ರೈವರ್ ಮಾಡಿಕೊಂಡೆ. ಎಡಕ್ಕೆ ಸ್ವಲ್ಪ ತಿರುಗಿಸಿದೆ, ಏನಿಲ್ಲ. ಇನ್ನೂ ಸ್ವಲ್ಪ, ಏನಿಲ್ಲ. ಗುರುತಿಗೆ ವಾಪಸ್ ತಂದು ಬಲಕ್ಕೆ ಹೋದೆ. ಎರಡನೇ ಸಲಕ್ಕೆ ಆಕಾಶದಲ್ಲಿ ನೀಲಿ ಒಮ್ಮೆ ಮಿಂಚಿ ಹೋಯಿತು. ಉಸಿರು ಹಿಡಿದು ಇನ್ನೊಂದು ಕೂದಲೆಳೆ. ಮಾರಿಯೋನ ಟೋಪಿ ಕೆಂಪಾಯಿತು, ನಿಂತಿತು. ಕಡ್ಡಿ ತೆಗೆದೆ, ಹೋಗಲಿಲ್ಲ. ಆಫ್ ಮಾಡಿ ಆನ್ ಮಾಡಿದೆ, ಹೋಗಲಿಲ್ಲ.

ಅಕ್ಕನಿಗೆ ಫೋನ್ ಮಾಡಿ, ಏನೂ ಹೇಳದೆ ಟಿವಿ ಮುಂದೆ ಹಿಡಿದೆ. ಹಾಡು ಅರ್ಧ ಆಗುವಷ್ಟರಲ್ಲಿ ಅವಳು ‘ಹ್ಞಾಂ, ಇದು ನಮ್ದು’ ಎಂದಳು. ಬಣ್ಣ ಬಂದದ್ದು ಇನ್ನೂ ಹೇಳಿಲ್ಲ.

ಕ್ಯಾಸೆಟ್ ಪಿನ್ನುಗಳನ್ನೂ ರಬ್ಬರಿನಿಂದ ಉಜ್ಜಿ ಐಪಿಎಯಲ್ಲಿ ಒರೆಸಿದೆ. ಹಿಂದೆ ಭಾವ ಥಿನ್ನರ್ ಹಾಕಿ ಒರೆಸಿದ್ದ ಒಂದು ಕ್ಯಾಸೆಟ್ಟಿನ ಪ್ಲಾಸ್ಟಿಕ್ ಕರಗಿ ಸೊಟ್ಟಗಾಗಿದೆ. ಅದಕ್ಕೆ ಔಷಧ ಇಲ್ಲ ಬಿಡಿ.

ಉಳಿದದ್ದು ಒಂದೇ. ಎರಡನೇ ರಿಮೋಟ್, ಅಂದರೆ ನನ್ನದು, ವೈರ್ ಒಂದು ಕಡೆ ಮಡಚಿ ಹಿಡಿದರೆ ಮಾತ್ರ ಕೆಲಸ ಮಾಡುತ್ತದೆ. ಬಿಟ್ಟರೆ ಎಲ್ಲ ಬಟನ್ನೂ ಒಟ್ಟಿಗೆ ಸತ್ತುಹೋಗುತ್ತವೆ. ಒಳಗೆ ಐದು ವೈರ್ ಇವೆ.

ರೇಡಿಯೋ ಕಾಕಾ, ರಾಯಚೂರು

ಎಲ್ಲ ಒಟ್ಟಿಗೆ ಸತ್ತರೆ ಬಟನ್ನಿನ ರಬ್ಬರ್ ಅಲ್ಲ, ವೈರೇ. ಐದರಲ್ಲಿ 5 ವೋಲ್ಟ್, ಗ್ರೌಂಡ್, ಉಳಿದ ಮೂರು ಸಿಗ್ನಲ್. ಎಂಟೂ ಬಟನ್ನಿನ ಸುದ್ದಿ ಒಂದೇ ವೈರಿನಲ್ಲಿ ಸಾಲಾಗಿ ಹೋಗುತ್ತದೆ, ಯಾವುದೊಂದು ತುಂಡಾದರೂ ಎಲ್ಲ ಬಂದ್. ರಿಮೋಟಿನಿಂದ ಹೊರಬೀಳುವ ಬುಡದಲ್ಲೇ ಮುರಿದಿರುತ್ತದೆ, ಮಕ್ಕಳು ಅಲ್ಲೇ ಎಳೆಯುವುದು. ಅಲ್ಲಿಂದ ನಾಲ್ಕು ಬೆರಳು ಕತ್ತರಿಸಿ ಬಿಸಾಕು. ಉಳಿದದ್ದನ್ನು ಬಣ್ಣ ನೋಡಿ ಹಳೇ ಜಾಗಕ್ಕೇ ಸೋಲ್ಡರ್ ಮಾಡು. ಕತ್ತರಿಸುವ ಮೊದಲು ಮೊಬೈಲಿನಲ್ಲಿ ಫೋಟೋ ತೆಗೆದುಕೋ.

ಬಾರ್ಟ್ಯಾಕ್, ಬಳ್ಳಾರಿ

ಫೋಟೋ ತೆಗೆದೆ ಕಾಕಾ. ಕಂದು, ಕೆಂಪು, ಕಿತ್ತಳೆ, ಹಳದಿ, ಬಿಳಿ. ಕಿತ್ತಳೆಯದು ಬುಡದಲ್ಲಿ ತುಂಡಾಗಿದೆ, ಸಿಪ್ಪೆಯೊಳಗೇ. ನಾಳೆ ಶಿಫ್ಟ್ ಮುಗಿಸಿ ಬಂದು ಕತ್ತರಿಸುತ್ತೇನೆ. ವೈರ್ ನಾಲ್ಕು ಬೆರಳು ಗಿಡ್ಡ ಆಗುತ್ತದೆ, ಟಿವಿಗೆ ಇನ್ನೂ ಹತ್ತಿರ ಕೂರಬೇಕು.